ಸ್ಪ್ರಾಗ್ ಅಂದ್ರೇನು? ಕಲ್ಲಿದ್ದಲು ಗಣಿಯ ಒಂದು ಮರದ ತುಂಡಿನ ಕಥೆ

ಹಳೇ ಬ್ರಿಟಿಷ್ ಕಲ್ಲಿದ್ದಲು ಗಣಿಗಳ ಆಕ್ಸಿಡೆಂಟ್ ರಿಪೋರ್ಟ್ ಓದೋಕೆ ಕೂತ್ರೆ ಒಂದು ಪದ ಪದೇ ಪದೇ ಎದುರಾಗುತ್ತೆ, ಸ್ಪ್ರಾಗ್ ಅಂತ. ಒಂದು ಕಡೆ ಸ್ಪ್ರಾಗ್ ನಿಲ್ಲಿಸದೇ ಇದ್ದಿದ್ದಕ್ಕೆ ಕಲ್ಲಿದ್ದಲು ಕುಸಿದು ಒಬ್ಬ ಸತ್ತ ಅಂತ ಇರುತ್ತೆ, ಇನ್ನೊಂದು ಕಡೆ ಸ್ಪ್ರಾಗ್ ಹಾಕೋಕೆ ಹೋಗಿ ಒಬ್ಬ ಹುಡುಗನ ಕೈ ಚಕ್ರಕ್ಕೆ ಸಿಕ್ತು ಅಂತ ಇರುತ್ತೆ. ಒಂದರಲ್ಲಿ ಅದು ಕಂಬ, ಇನ್ನೊಂದರಲ್ಲಿ ಬ್ರೇಕು. ಅದೇ ಪದ ಇವತ್ತು ಹೆಲಿಕಾಪ್ಟರ್ ಗೇರ್‌ಬಾಕ್ಸ್ ಬಗ್ಗೆ ಬರೆದಿರೋ ಪುಸ್ತಕದಲ್ಲೂ ಇದೆ, ನಿಮ್ಮ ಬೈಕಿನ ಸೆಲ್ಫ್ ಸ್ಟಾರ್ಟ್ ಪಾರ್ಟ್ಸ್ ಲಿಸ್ಟ್‌ನಲ್ಲೂ ಇರಬಹುದು. ಈ ಮೂರಕ್ಕೂ ಏನು ಸಂಬಂಧ ಅಂತ ಬಿಡಿಸಿ ಹೇಳೋಣ ಅಂತಾನೇ ಇದನ್ನ ಬರೀತಿದ್ದೀನಿ, ಯಾಕಂದ್ರೆ ಡಿಕ್ಷನರಿ ತೆಗೆದ್ರೆ ಎರಡು ಮೂರು ಅರ್ಥ ಒಂದರ ಕೆಳಗೊಂದು ಕೊಟ್ಟು ಸುಮ್ನಾಗುತ್ತೆ, ನಡುವಿನ ಕೊಂಡಿ ಹೇಳಲ್ಲ. ನನ್ನ ಪ್ರಕಾರ ಆ ಕೊಂಡಿ ಸರಳವಾಗಿದೆ: ಭಾರ ಅನ್ನೋದು ತನ್ನ ಪಾಡಿಗೆ ಜಾರೋಕೆ ಹೊರಟಾಗ, ಆ ಭಾರದ ಬಲದಿಂದಲೇ ಬಿಗಿಯಾಗಿ ಕೂತುಬಿಡೋ ತುಂಡಿಗೆ ಸ್ಪ್ರಾಗ್ ಅಂತ ಹೆಸರು.

ಮೊದ್ಲು ಕಂಬದ ಅರ್ಥ ನೋಡೋಣ. 19ನೇ ಶತಮಾನದಲ್ಲಿ ಕಲ್ಲಿದ್ದಲನ್ನ ಬಹುತೇಕ ಕಡೆ ಕೈಯಲ್ಲೇ ಪಿಕಾಸಿ ಹಿಡಿದು ಕಡೀತಿದ್ರು. ಎದುರಿಗೆ ಗೋಡೆ ತರ ನಿಂತಿರೋ ಕಲ್ಲಿದ್ದಲಿನ ಪದರಕ್ಕೆ ನೇರವಾಗಿ ಏಟು ಹಾಕಿದ್ರೆ ಅದು ಪುಡಿಪುಡಿ ಆಗುತ್ತೆ, ಪುಡಿಗೆ ಮಾರ್ಕೆಟ್‌ನಲ್ಲಿ ರೇಟ್ ಇಲ್ಲ, ದೊಡ್ಡ ದೊಡ್ಡ ಗಟ್ಟಿಗಳಿಗೇ ಬೆಲೆ. ಹಾಗಾಗಿ ಅವರು ಮಾಡ್ತಿದ್ದಿದ್ದು ಏನಂದ್ರೆ, ಪದರದ ಬುಡದಲ್ಲಿ, ನೆಲದ ಮಟ್ಟದಲ್ಲಿ ಒಂದು ಕಿರಿದಾದ ಸಂದು ಕೊರೀತಾ ಒಳಗೆ ಹೋಗೋದು. ಮೂರು ನಾಲ್ಕು ಅಡಿ ಒಳಗೆ. ಮನುಷ್ಯ ಒಂದು ಪಕ್ಕಕ್ಕೆ ಮಲಗಿ, ಭುಜ ನೆಲಕ್ಕೆ ಒತ್ತಿ, ಚಿಕ್ಕ ಪಿಕಾಸಿಯನ್ನ ಅಡ್ಡಡ್ಡ ಬೀಸ್ತಾ ಕೊರೀಬೇಕು, ಒಳಗೆ ಹೋದ ಹಾಗೆ ತಲೆ ಭುಜ ಎಲ್ಲಾ ಆ ಸಂದಿನೊಳಗೇ ಹೋಗುತ್ತೆ. ಈ ಕೆಲಸಕ್ಕೆ ಹೋಲಿಂಗ್ ಅಂತಿದ್ರು. ಬುಡ ಪೂರ್ತಿ ಕೊರೆದ ಮೇಲೆ ಮೇಲಿನ ಕಲ್ಲಿದ್ದಲಿಗೆ ಕೆಳಗೆ ಆಧಾರ ಇರಲ್ಲ, ಬೆಣೆ ಹೊಡೆದೋ ಸ್ವಲ್ಪ ಮದ್ದು ಇಟ್ಟೋ ಒಂದು ಪೆಟ್ಟು ಕೊಟ್ರೆ ಅದರ ತೂಕಕ್ಕೆ ಅದೇ ದೊಡ್ಡ ದೊಡ್ಡ ಗಟ್ಟಿಗಳಾಗಿ ಕೆಳಗೆ ಬೀಳುತ್ತೆ.

ಆದ್ರೆ ಅದು ಬೀಳಬೇಕಾಗಿರೋದು ಅವನು ಹೊರಗೆ ಬಂದ ಮೇಲೆ. ಕೊರೀತಾ ಇರುವಾಗ್ಲೇ ಬಿದ್ರೆ? ಒಂದು ಸಣ್ಣ ಲೆಕ್ಕ ಹಾಕಿ. ಪದರದ ಎತ್ತರ 1 ಮೀಟರ್, ಕೊರೆದ ಆಳ 1 ಮೀಟರ್, ಅಗಲ 1.8 ಮೀಟರ್ ಅಂತ ಇಟ್ಕೊಳಿ. ಅಷ್ಟು ಕಲ್ಲಿದ್ದಲಿನ ತೂಕ ಸುಮಾರು 2.3 ಟನ್. ಎರಡೂಕಾಲು ಟನ್ ಭಾರ ಗಾಳಿಯಲ್ಲಿ ನೇತಾಡ್ತಿದೆ, ಅದರ ಅಡಿಗೆ ಒಬ್ಬ ಮಲಗಿ ಅದರ ಬುಡವನ್ನೇ ಕಡೀತಿದ್ದಾನೆ. ಅದಕ್ಕೇ ಕೊರೀತಾ ಹೋದ ಹಾಗೆ ಆ ಸಂದಿನ ಬಾಯಲ್ಲಿ ಗಿಡ್ಡ ಮರದ ತುಂಡುಗಳನ್ನ ನೆಲಕ್ಕೂ ಮೇಲಿನ ಕಲ್ಲಿದ್ದಲಿಗೂ ನಡುವೆ ಬಿಗಿಯಾಗಿ ತುರುಕಿ ನಿಲ್ಲಿಸ್ತಿದ್ರು. ಅದೇ ಸ್ಪ್ರಾಗ್. ಚಾವಣಿ ಹಿಡಿಯೋ ಉದ್ದ ಕಂಬಕ್ಕೆ ಪ್ರಾಪ್ ಅಂತಿದ್ರು, ಕಲ್ಲಿದ್ದಲನ್ನ ಹಿಡಿಯೋ ಈ ಮೋಟು ತುಂಡಿಗೆ ಸ್ಪ್ರಾಗ್ ಅಂತಿದ್ರು, ಈ ವ್ಯತ್ಯಾಸ ಗೊತ್ತಿಲ್ಲ ಅಂದ್ರೆ ಹಳೇ ರಿಪೋರ್ಟ್‌ಗಳು ಅರ್ಧ ಅರ್ಥ ಆಗಲ್ಲ. ಮೇಲಿನ ಭಾರ ಕೂರ್ತಾ ಬಂದ ಹಾಗೆ ಈ ತುಂಡು ಇನ್ನೂ ಬಿಗಿ ಆಗುತ್ತೆ, ಭಾರ ಜಾಸ್ತಿ ಆದ್ರೆ ಕಿರ್ ಕಿರ್ ಅಂತ ಸದ್ದು ಮಾಡುತ್ತೆ, ಆ ಸದ್ದು ಕೇಳಿದ್ರೆ ಗಣಿಯವನು ಪಿಕಾಸಿ ಬಿಟ್ಟು ಹೊರಗೆ ಜಾರ್ತಿದ್ದ. ಕಬ್ಬಿಣದ ಕಂಬಗಳು ಬಂದ ಮೇಲೂ ಎಷ್ಟೋ ಹಳಬರು ಮರಾನೇ ನೆಚ್ಕೊಂಡಿದ್ದಿದ್ದು ಇದೇ ಕಾರಣಕ್ಕೆ, ಮರ ಮುರಿಯೋ ಮುಂಚೆ ಹೇಳಿ ಮುರಿಯುತ್ತೆ.

ಪದರ ಇನ್ನೂ ಎತ್ತರ ಇದ್ರೆ ಬರೀ ಅಡಿಯ ತುಂಡು ಸಾಲ್ತಿರ್ಲಿಲ್ಲ, ಕಲ್ಲಿದ್ದಲಿನ ಗೋಡೆ ಮುಂದಕ್ಕೆ ವಾಲಿ ಬೀಳೋ ಅಪಾಯ ಇತ್ತು. ಆಗ ಗೋಡೆಗೆ ಅಡ್ಡವಾಗಿ ಒಂದು ಮರದ ತುಂಡು ಒತ್ತಿಟ್ಟು, ಅದನ್ನ ಚಾವಣಿಯಿಂದ ಒಂದು ನೆಲದಿಂದ ಒಂದು ಓರೆ ಕೋಲು ಕೊಟ್ಟು ಬಿಗಿ ಮಾಡ್ತಿದ್ರು, ಆ ಇಡೀ ಏರ್ಪಾಡಿಗೆ ಕಾಕರ್‌ಮೆಗ್ ಅಂತ ಒಂದು ವಿಚಿತ್ರ ಹೆಸರು.

ಈ ಪದ ಬ್ರಿಟಿಷ್ ಕಾನೂನಿನೊಳಗೂ ಬಂದಿದೆ. 1887ರ ಕಲ್ಲಿದ್ದಲು ಗಣಿ ಕಾಯ್ದೆಯಲ್ಲಿ ಸ್ಪ್ರಾಗ್ ಬೇಕಾಗಿರೋ ಕಡೆ ಒಂದಕ್ಕೂ ಇನ್ನೊಂದಕ್ಕೂ ಆರು ಅಡಿಗಿಂತ ಜಾಸ್ತಿ ಅಂತರ ಇರಬಾರ್ದು ಅಂತ ಬರೆದಿದ್ದಾರೆ. ಮೇಲೆ ನಾನು 1.8 ಮೀಟರ್ ಅಂತ ತಗೊಂಡಿದ್ದು ಅದನ್ನೇ, ಅಂದ್ರೆ ಕಾನೂನು ಪಾಲಿಸಿದ್ರೂ ಎರಡು ತುಂಡಿನ ನಡುವೆ ಎರಡು ಟನ್ ಮೇಲೆ ತೂಗ್ತಾ ಇರುತ್ತೆ. ಇಲ್ಲಿ ಇನ್ನೊಂದು ವಿಷಯಾನೂ ಇದೆ, ಗಣಿಯವರಿಗೆ ಕೂಲಿ ಸಿಗ್ತಿದ್ದಿದ್ದು ತುಂಬಿ ಕಳಿಸಿದ ಕಲ್ಲಿದ್ದಲಿನ ತೂಕಕ್ಕೆ. ಸ್ಪ್ರಾಗ್ ಅಳತೆ ನೋಡಿ ಕಡಿದು ತಂದು ನಿಲ್ಲಿಸೋಕೆ ಹೋಗೋ ಸಮಯಕ್ಕೆ ಸಾಮಾನ್ಯವಾಗಿ ಬೇರೆ ಕಾಸಿಲ್ಲ. ನಿಲ್ಲಿಸ್ಲಿಲ್ಲ ಅಂತ ಸತ್ತವನ ಮೇಲೇ ತಪ್ಪು ಹೊರಿಸೋದು ಸುಲಭ, ಆದ್ರೆ ಅವನನ್ನ ಅವಸರಕ್ಕೆ ತಳ್ಳಿದ್ದು ಆ ಕೂಲಿ ಲೆಕ್ಕ ಅನ್ನೋದನ್ನ ಮರೀಬಾರ್ದು.

ಈಗ ಬ್ರೇಕಿನ ಅರ್ಥಕ್ಕೆ ಬರೋಣ.

ಕಡಿದ ಕಲ್ಲಿದ್ದಲನ್ನ ಹೊರಗೆ ಸಾಗಿಸ್ತಿದ್ದಿದ್ದು ಹಳಿ ಮೇಲೆ ಓಡೋ ಚಿಕ್ಕ ಗಾಡಿಗಳಲ್ಲಿ, ಟಬ್ ಅಂತಾರೆ. ನೆಲದ ಮೇಲಿನ ದೊಡ್ಡ ವ್ಯಾಗನ್‌ಗಳಿಗೆ ಬಹಳ ಹಿಂದಿನಿಂದಲೂ ಬ್ರೇಕ್ ಇರ್ತಿತ್ತು. ಇಂಗ್ಲೆಂಡಿನ ನ್ಯೂಕಾಸಲ್ ಕಡೆ ಕಲ್ಲಿದ್ದಲು ವ್ಯಾಗನ್‌ಗೆ ಕಾನ್ವಾಯ್ ಅಂತ ಉದ್ದನೆಯ ಮರದ ಲಿವರ್ ಇರ್ತಿತ್ತು, ಇಳಿಜಾರು ಬಂದ್ರೆ ಗಾಡಿಯವನು ಅದರ ಮೇಲೇ ಕೂತು ಅದನ್ನ ಚಕ್ರಕ್ಕೆ ಒತ್ತಿ ಹಿಡೀತಿದ್ದ, ಕುದುರೇನ ಬಿಚ್ಚಿ ಹಿಂದೆ ಕಟ್ತಿದ್ರು. ಆದ್ರೆ ನೆಲದಡಿಯ ಟಬ್ ಕಥೆ ಬೇರೆ. ಒಂದೊಂದು ಗಣಿಯಲ್ಲಿ ನೂರಾರು, ದೊಡ್ಡದಾದ್ರೆ ಸಾವಿರದ ಲೆಕ್ಕದಲ್ಲಿ ಟಬ್. ದಿನಾ ಗೋಡೆಗೆ ಗುದ್ದುತ್ತೆ, ಹಳಿ ತಪ್ಪುತ್ತೆ, ನೀರಲ್ಲಿ ನೆನೆಯುತ್ತೆ. ಚಾವಣಿ ತಗ್ಗಾಗಿರೋದ್ರಿಂದ ಟಬ್ ಕೂಡ ಕುಳ್ಳಗೆ, ಲಿವರ್ ಕೂರಿಸೋಕೆ ಜಾಗ ಇಲ್ಲ, ಇದ್ರೂ ಒಂದೊಂದಕ್ಕೂ ಬ್ರೇಕ್ ಮಾಡಿಸೋಕೆ ಮಾಲೀಕರು ದುಡ್ಡು ಬಿಚ್ತಿರ್ಲಿಲ್ಲ. ಹಾಗಾಗಿ ಬ್ರೇಕ್ ಅನ್ನೋದು ಟಬ್‌ನಲ್ಲಿ ಇರ್ಲೇ ಇಲ್ಲ, ಅದರ ಪಕ್ಕ ಓಡೋ ಮನುಷ್ಯನ ಕೈಯಲ್ಲಿತ್ತು.

ಆ ಕೈಯಲ್ಲಿ ಇರ್ತಿದ್ದಿದ್ದು ಸುಮಾರು ಒಂದೂವರೆ ಅಡಿ ಉದ್ದದ, ತುದಿ ಚೂಪಾಗಿ ಕೆತ್ತಿದ, ಕೈಗೆ ದಪ್ಪ ಅನ್ಸೋ ಗಟ್ಟಿ ಮರದ ತುಂಡು. ಟಬ್‌ನ ಎರಕದ ಚಕ್ರದಲ್ಲಿ ಸ್ಪೋಕ್‌ಗಳ ನಡುವೆ ಸಂದು ಇರುತ್ತಲ್ಲ, ಆ ಸಂದಿಗೆ ಇದನ್ನ ತೂರಿಸಬೇಕು. ತೂರಿಸಿದ ತಕ್ಷಣ ಚಕ್ರ ಅದನ್ನ ತನ್ನ ಜೊತೆ ಸುತ್ತಿಸ್ಕೊಂಡು ಮೇಲಕ್ಕೆ ಒಯ್ಯುತ್ತೆ, ತುಂಡು ಹೋಗಿ ಟಬ್‌ನ ಅಡಿಯ ಫ್ರೇಮಿಗೆ ತಗಲುತ್ತೆ, ಅಲ್ಲಿಂದ ಮುಂದೆ ಹೋಗೋಕೆ ಜಾಗ ಇಲ್ಲ. ಚಕ್ರ ಲಾಕ್. ಉರುಳ್ತಿದ್ದ ಚಕ್ರ ಈಗ ಹಳಿ ಮೇಲೆ ಉಜ್ಜಿಕೊಂಡು ಜಾರುತ್ತೆ. ಗಮನಿಸಿ, ತುಂಡನ್ನ ಬಿಗಿ ಮಾಡಿದ್ದು ಹುಡುಗನ ಶಕ್ತಿ ಅಲ್ವೇ ಅಲ್ಲ, ಅಷ್ಟು ಭಾರದ ಟಬ್‌ನ ಓಟವೇ ಅದನ್ನ ಬಿಗಿ ಮಾಡ್ತು.

ನಮ್ಮ ಕಡೆ ಜಾತ್ರೇಲಿ ತೇರು ಎಳೆಯುವಾಗ ಗಾಲಿ ಮುಂದೆ ಮರದ ಸನ್ನೆ ಹಾಕಿ ನಿಲ್ಲಿಸ್ತಾರಲ್ಲ, ಅದನ್ನ ನೋಡಿದವರಿಗೆ ಇದೂ ಅದೇ ಅನ್ಸಬಹುದು. ಉದ್ದೇಶ ಒಂದೇ, ಆದ್ರೆ ಕೆಲಸ ಮಾಡೋ ರೀತಿ ಬೇರೆ. ಸನ್ನೆ ಗಾಲಿಗೂ ನೆಲಕ್ಕೂ ನಡುವೆ ಕೂರುತ್ತೆ, ಗಾಲಿ ಅದನ್ನ ಹತ್ತಬೇಕು, ಹತ್ತೋಕೆ ಆಗದೇ ನಿಲ್ಲುತ್ತೆ. ಇಂಗ್ಲಿಷ್‌ನಲ್ಲಿ ಅದಕ್ಕೆ ಸ್ಕಾಚ್ ಅಂತ ಬೇರೆ ಹೆಸರಿದೆ. ಸ್ಪ್ರಾಗ್ ನೆಲ ಮುಟ್ಟೋದೇ ಇಲ್ಲ, ಚಕ್ರಕ್ಕೂ ಗಾಡಿ ಮೈಗೂ ನಡುವೆ ಸಿಕ್ಕಿ ಚಕ್ರವನ್ನ ಗಾಡಿಗೇ ಕಟ್ಟಿಹಾಕುತ್ತೆ. ಅದಕ್ಕೇ ಸ್ಪೋಕ್ ಇಲ್ಲದ, ತಟ್ಟೆ ತರ ಮುಚ್ಚಿರೋ ಚಕ್ರಕ್ಕೆ ಸ್ಪ್ರಾಗ್ ಹಾಕೋಕೆ ಬರಲ್ಲ. ರೈಲ್ವೆ ವ್ಯಾಗನ್‌ಗಳಲ್ಲೂ ಒಂದು ಕಾಲಕ್ಕೆ ಇದನ್ನ ಬಳಸ್ತಿದ್ರು, ಸ್ಪೋಕ್ ಚಕ್ರ ಹೋಗಿ ತಟ್ಟೆ ಚಕ್ರ ಬಂದ ಮೇಲೆ ಅಲ್ಲಿ ಇದರ ಕೆಲಸ ಮುಗೀತು.

ಈಗ ಒಂದು ಪ್ರಶ್ನೆ ಬರುತ್ತೆ, ಒಂದು ಟಬ್‌ಗೆ ಎಷ್ಟು ಸ್ಪ್ರಾಗ್ ಬೇಕು? ಇದನ್ನ ಅರ್ಥ ಮಾಡ್ಕೊಂಡ್ರೆ ಆ ಕೆಲಸದ ಜಾಣ್ಮೆ ಗೊತ್ತಾಗುತ್ತೆ. 1 ಟನ್ ತೂಕದ ಟಬ್, 20 ಅಡಿಗೆ 1 ಅಡಿ ಇಳಿಯೋ ಹಳಿ. ಕೆಳಕ್ಕೆ ಎಳೆಯೋ ಬಲ ಸುಮಾರು 50 ಕೆಜಿ. ಉರುಳೋ ಚಕ್ರಗಳು ತಡೆಯೋದು ಬರೀ 10-20 ಕೆಜಿ, ಹಾಗಾಗಿ ಬಿಟ್ರೆ ಸ್ಪೀಡ್ ಏರ್ತಾನೇ ಹೋಗುತ್ತೆ. ನಾಲ್ಕು ಚಕ್ರದಲ್ಲಿ ಒಂದನ್ನ ಲಾಕ್ ಮಾಡಿದ್ರೆ ಅದರ ಮೇಲಿರೋ ಕಾಲು ಟನ್ ಭಾರ ಹಳಿ ಮೇಲೆ ಉಜ್ಜುತ್ತೆ. ಹಳಿ ಒಣಗಿದ್ರೆ ಆ ಒಂದೇ ಚಕ್ರ 50 ಕೆಜಿ ತಡೆಯುತ್ತೆ, ಟಬ್ ನಿಧಾನ ಆಗುತ್ತೆ. ಹಳಿ ಮೇಲೆ ನೀರು, ಕೆಸರು, ಎಣ್ಣೆ ಇದ್ರೆ ಅದು 25 ಕೆಜಿಗೆ ಇಳಿಯುತ್ತೆ, ಆಗ ಒಂದು ಸಾಕಾಗಲ್ಲ, ಎರಡು ಹಾಕ್ಬೇಕು, ಇನ್ನೂ ಇಳಿಜಾರಾದ್ರೆ ನಾಲ್ಕಕ್ಕೂ ಹಾಕ್ಬೇಕು. ಹಾಗಂತ ಎಲ್ಲಾ ಕಡೆ ನಾಲ್ಕೂ ಹಾಕಿದ್ರೆ ಟಬ್ ದಾರಿ ಮಧ್ಯೆ ನಿಂತುಬಿಡುತ್ತೆ, ಹಿಂದೆ ಬರೋದು ಬಂದು ಗುದ್ದುತ್ತೆ. ಚಕ್ರ ಒಂದೇ ಜಾಗದಲ್ಲಿ ಸವೆದು ಚಪ್ಪಟೆ ಆಗೋದೂ ಇದೆ. ಅಂದ್ರೆ ಹಳಿ ಒದ್ದೆಯೋ ಒಣಗಿದ್ಯೋ, ಟಬ್ ತುಂಬಿದ್ಯೋ ಖಾಲಿಯೋ, ಮುಂದೆ ತಿರುವು ಎಲ್ಲಿದೆ, ಇದೆಲ್ಲಾ ಕತ್ತಲಲ್ಲಿ ಓಡ್ತಾ ಓಡ್ತಾ ಅಂದಾಜು ಮಾಡ್ಬೇಕು. ಲೆಕ್ಕ ಬರೆಯೋಕೆ ನಮಗೆ ಐದು ನಿಮಿಷ ಬೇಕು, ಅವರಿಗೆ ಇದ್ದಿದ್ದು ಎರಡು ಸೆಕೆಂಡು.

ಮತ್ತೆ ಅವರು ಬಹಳ ಕಡೆ ಮಕ್ಕಳು.

ಅಮೆರಿಕದ ಪೆನ್ಸಿಲ್ವೇನಿಯಾದ ಆಂತ್ರಸೈಟ್ ಅನ್ನೋ ಗಟ್ಟಿ ಕಲ್ಲಿದ್ದಲಿನ ಗಣಿಗಳಲ್ಲಿ ಈ ಕೆಲಸಕ್ಕೆ ಸ್ಪ್ರಾಗರ್ ಅಂತಾನೇ ಹುದ್ದೆ ಇತ್ತು. ಅಲ್ಲಿ ಬಡವರ ಮನೆ ಗಂಡುಮಕ್ಕಳಿಗೆ ಒಂದು ಏಣಿ ಇದ್ದ ಹಾಗೆ ಇತ್ತು: ಮೊದ್ಲು ಬ್ರೇಕರ್ ಅನ್ನೋ ಕಟ್ಟಡದಲ್ಲಿ ಕೂತು ಕಲ್ಲಿದ್ದಲಿನಿಂದ ಕಲ್ಲು ಆರಿಸೋದು, ಆಮೇಲೆ ಗಣಿಯೊಳಗೆ ಗಾಳಿ ಬಾಗಿಲು ತೆಗೆದು ಹಾಕೋ ನಿಪ್ಪರ್ ಕೆಲಸ, ಆಮೇಲೆ ಸ್ಪ್ರಾಗರ್, ಆಮೇಲೆ ಹೇಸರಗತ್ತೆ ಹೊಡೆಯೋ ಡ್ರೈವರ್, ಕೊನೆಗೆ ಗಣಿಗಾರ. 1885ರ ಪೆನ್ಸಿಲ್ವೇನಿಯಾ ಕಾನೂನು ನೆಲದಡಿಯ ಕೆಲಸಕ್ಕೆ 14 ವರ್ಷ ಆಗಿರ್ಬೇಕು ಅಂತ ಹೇಳ್ತಿತ್ತು, ಆದ್ರೆ ಅಪ್ಪ ಅಮ್ಮ ಹೇಳಿದ್ದೇ ವಯಸ್ಸು, ಮನೆಗೆ ಕಾಸು ಬೇಕಿತ್ತು. ಸ್ಪ್ರಾಗರ್‌ಗಳು ಎಲ್ಲರಿಗಿಂತ ಚುರುಕಾಗಿರೋ ಹುಡುಗರು. ಕಂಕುಳಲ್ಲಿ ಒಂದು ಹೊರೆ ಮರದ ತುಂಡು, ಟೋಪಿಗೆ ಸಿಕ್ಕಿಸಿದ ಎಣ್ಣೆ ದೀಪ, ಹಳಿಗೂ ಗೋಡೆಗೂ ನಡುವೆ ಕಾಲಿಡೋಕಷ್ಟೇ ಜಾಗ, ಕಾಲ ಕೆಳಗೆ ಹಳಿ ಹೊರೋ ಅಡ್ಡ ಮರಗಳು (ಸ್ಲೀಪರ್) ಏರುಪೇರು. ಓಡೋ ಟಬ್ ಪಕ್ಕ ಬಗ್ಗಿ ಓಡ್ತಾ ಸುತ್ತೋ ಸ್ಪೋಕ್‌ಗಳ ನಡುವೆ ಗುರಿ ಇಟ್ಟು ತುಂಡು ಎಸೀಬೇಕು. ಸ್ವಲ್ಪ ತಡ ಆದ್ರೆ ಸ್ಪೋಕು ತುಂಡಿನ ತುದಿಗೆ ಹೊಡೆದು ಅದು ವಾಪಸ್ ಮುಖಕ್ಕೋ ಹೊಟ್ಟೆಗೋ ಬಡಿಯುತ್ತೆ. ಕೈ ಬಿಡೋದು ತಡ ಆದ್ರೆ ಬೆರಳು ತುಂಡಿನ ಜೊತೆ ಒಳಗೆ ಹೋಗುತ್ತೆ. ಬೆರಳು, ಕೈ, ಕಾಲು ಕಳ್ಕೊಂಡ ಸ್ಪ್ರಾಗರ್‌ಗಳು ಆ ಊರುಗಳಲ್ಲಿ ಅಪರೂಪ ಆಗಿರ್ಲಿಲ್ಲ.

ಲೂಯಿಸ್ ಹೈನ್ ಅನ್ನೋ ಫೋಟೋಗ್ರಾಫರ್ 1908ರಿಂದ ಬಾಲಕಾರ್ಮಿಕ ಪದ್ಧತಿ ವಿರುದ್ಧ ಹೋರಾಡ್ತಿದ್ದ ರಾಷ್ಟ್ರೀಯ ಸಮಿತಿಗೆ ಕೆಲಸ ಮಾಡ್ತಿದ್ರು, 1911ರ ಜನವರಿಯಲ್ಲಿ ಪೆನ್ಸಿಲ್ವೇನಿಯಾದ ಪಿಟ್ಸ್‌ಟನ್ ಸುತ್ತಮುತ್ತ ಗಣಿ ಹುಡುಗರ ಫೋಟೋ ತೆಗೆದ್ರು. ಮುಖದ ತುಂಬಾ ಮಸಿ, ಕಣ್ಣು ಮಾತ್ರ ಬೆಳ್ಳಗೆ ಕಾಣೋ ಆ ಚಿತ್ರಗಳನ್ನ ನೀವು ಎಲ್ಲಾದ್ರೂ ನೋಡಿರ್ತೀರಿ. ಅಮೆರಿಕದಲ್ಲಿ ದೇಶಾದ್ಯಂತ ಗಟ್ಟಿಯಾಗಿ ನಿಂತ ಕಾನೂನು ಬರೋಕೆ 1938ರ ತನಕ ಕಾಯಬೇಕಾಯ್ತು. ಬ್ರಿಟನ್‌ನಲ್ಲಿ 1842ರಲ್ಲೇ 10 ವರ್ಷದೊಳಗಿನ ಗಂಡುಮಕ್ಕಳನ್ನೂ ಎಲ್ಲಾ ಹೆಂಗಸರನ್ನೂ ನೆಲದಡಿಗೆ ಕಳಿಸೋ ಹಾಗಿಲ್ಲ ಅಂತ ಕಾನೂನು ಮಾಡಿದ್ರು, ಆದ್ರೆ 10 ದಾಟಿದವನು ಹೋಗಬಹುದಿತ್ತು ಅನ್ನೋದೂ ಅದರ ಅರ್ಥವೇ. ಸ್ಪ್ರಾಗ್ ಅನ್ನೋ ಪದದ ಬಗ್ಗೆ ಬರೆಯೋರು ಹೆಚ್ಚಾಗಿ ಮರದ ತುಂಡಿನ ಅಳತೆ ಹೇಳಿ ಮುಂದೆ ಹೋಗ್ತಾರೆ. ನನಗೆ ಅದು ಸರಿ ಅನ್ಸಲ್ಲ, ಈ ಬ್ರೇಕ್ ಸಿಸ್ಟಮ್‌ನ ಅರ್ಧ ಭಾಗ ಮರ, ಇನ್ನರ್ಧ ಒಂದು ಹುಡುಗನ ಕೈ.

ಇಳಿಜಾರಲ್ಲಿ ಇಳಿಯೋದು ಒಂದು ಸಮಸ್ಯೆ ಆದ್ರೆ ಏರು ಹತ್ತೋದು ಇನ್ನೊಂದು. ಹಗ್ಗ ಕಟ್ಟಿ ಟಬ್‌ಗಳ ಸಾಲನ್ನ ಮೇಲಕ್ಕೆ ಎಳೀತಿದ್ದಾಗ ಹಗ್ಗ ಕಿತ್ರೆ ಇಡೀ ಸಾಲು ಹಿಂದಕ್ಕೆ ನುಗ್ಗುತ್ತೆ, ಕೆಳಗೆ ಇದ್ದವರ ಗತಿ ಹೇಳೋದೇ ಬೇಡ. ಇದಕ್ಕೆ ಕೊನೆ ಟಬ್‌ನ ಹಿಂದೆ ಒಂದು ಗಟ್ಟಿ ಕಬ್ಬಿಣದ ಅಥವಾ ಮರದ ಸಲಾಕೆ ಸಿಕ್ಕಿಸಿ ನೆಲಕ್ಕೆ ತಾಗೋ ಹಾಗೆ ಎಳ್ಕೊಂಡು ಬರೋ ಹಾಗೆ ಬಿಡ್ತಿದ್ರು. ಮುಂದೆ ಹೋಗುವಾಗ ಅದು ಸುಮ್ನೆ ಎಳ್ಕೊಂಡು ಬರುತ್ತೆ, ಹಿಂದಕ್ಕೆ ಉರುಳಿತೋ ಚೂಪು ತುದಿ ನೆಲಕ್ಕೆ ನಾಟಿ ಟಬ್ಬನ್ನ ತಡೆಯುತ್ತೆ ಇಲ್ಲಾ ಹಳಿಯಿಂದ ಎತ್ತಿ ಕೆಡವುತ್ತೆ. ಹಳಿ ತಪ್ಪಿ ಬಿದ್ರೂ ಪರವಾಗಿಲ್ಲ, ಕೆಳಗಿನ ಜನ ಉಳೀತಾರೆ. ಇದಕ್ಕೆ ಬ್ಯಾಕ್‌ಸ್ಟೇ ಅನ್ನೋದು ಪುಸ್ತಕದ ಹೆಸರು, ಉತ್ತರ ಇಂಗ್ಲೆಂಡಿನ ಗಣಿಯವರು ಕೌ ಅಂತಿದ್ರು, ಡೆವಿಲ್ ಅನ್ನೋ ಹೆಸರೂ ಇತ್ತು. ಚಕ್ರದ ಸ್ಪ್ರಾಗ್‌ಗೂ ಹೀಗೆ ಊರಿಗೊಂದು ಹೆಸರು, ಸ್ಕಾಟ್ಲೆಂಡಿನಲ್ಲಿ ಸ್ನಿಬಲ್, ಇಂಗ್ಲೆಂಡಿನ ಕೆಲವು ಕಡೆ ಲಾಕರ್.

ಇದೇ ಹಿಂದೆ ಎಳೆಯೋ ಸಲಾಕೆ ರಸ್ತೆ ಮೇಲೂ ಬಂತು, ಅಲ್ಲಿ ಅದಕ್ಕೂ ಸ್ಪ್ರಾಗ್ ಅಂತಾನೇ ಹೆಸರಾಯ್ತು. ಕಾರುಗಳು ಹೊಸದಾಗಿ ಬಂದ ಕಾಲ, 1890ರ ದಶಕ ಮತ್ತು ಅದರ ನಂತರದ ಕೆಲವು ವರ್ಷ. ಆಗಿನ ಬ್ರೇಕ್ ಅಂದ್ರೆ ಒಂದು ಡ್ರಮ್‌ಗೆ ಸುತ್ತಿರೋ ಪಟ್ಟಿ. ಚಕ್ರ ಮುಂದಕ್ಕೆ ತಿರುಗ್ತಿದ್ರೆ ಡ್ರಮ್ ಆ ಪಟ್ಟಿಯನ್ನ ತನ್ನ ಮೇಲೆ ಎಳ್ಕೊಂಡು ಇನ್ನೂ ಬಿಗಿ ಮಾಡುತ್ತೆ, ಚೆನ್ನಾಗಿ ಹಿಡಿಯುತ್ತೆ. ಅದೇ ಹಿಂದಕ್ಕೆ ತಿರುಗಿದ್ರೆ ಪಟ್ಟಿ ಸಡಿಲ ಆಗ್ತಾ ಹೋಗುತ್ತೆ. ಗುಡ್ಡ ಹತ್ತುವಾಗ ಇಂಜಿನ್ ನಿಂತ್ರೆ, ಇಲ್ಲಾ ಚೈನ್ ಕಡಿದ್ರೆ, ಡ್ರೈವರ್ ಎಷ್ಟೇ ಬ್ರೇಕ್ ಒತ್ತಿದ್ರೂ ಕಾರು ಹಿಂದಕ್ಕೆ ಹೊರಟುಬಿಡ್ತಿತ್ತು. ಅದಕ್ಕೆ ಕಾರಿನ ಅಡಿಯಲ್ಲಿ, ಹಿಂದಿನ ಆಕ್ಸಲ್ ಹತ್ರ, ಕೀಲು ಹಾಕಿದ ಒಂದು ಚೂಪು ತುದಿಯ ಕಬ್ಬಿಣದ ಸಲಾಕೆ. ಏರು ಶುರು ಆಗೋ ಮುಂಚೆ ಡ್ರೈವರ್ ಅದನ್ನ ಕೆಳಗೆ ಇಳಿಸ್ತಿದ್ದ, ಅದು ರಸ್ತೆಗೆ ತಾಗಿ ಎಳ್ಕೊಂಡು ಬರ್ತಿತ್ತು, ಕಾರು ಹಿಂದಕ್ಕೆ ಬಂದ್ರೆ ರಸ್ತೆಗೆ ನಾಟ್ತಿತ್ತು. ಇಲ್ಲಿ ಒಂದು ಅಪಾಯ ಇತ್ತು, ಮೊದ್ಲೇ ಇಳಿಸೋದು ಮರೆತು ಕಾರು ಹಿಂದಕ್ಕೆ ಸ್ವಲ್ಪ ಸ್ಪೀಡ್ ಹಿಡಿದ ಮೇಲೆ ಇಳಿಸಿದ್ರೆ ಕಾರು ಆ ಸಲಾಕೆ ಮೇಲೆಯೇ ಎಗರಿ ಬೀಳೋ ಸಾಧ್ಯತೆ. ಎರಡೂ ದಿಕ್ಕಲ್ಲಿ ಹಿಡಿಯೋ ಬ್ರೇಕ್‌ಗಳು ಬಂದ ಮೇಲೆ ಇದು ಕಾಣೆ ಆಯ್ತು. ಆದ್ರೆ ಏರಲ್ಲಿ ಹಿಂದಕ್ಕೆ ಜಾರಬಾರ್ದು ಅನ್ನೋ ಅವಶ್ಯಕತೆ ಹೋಗ್ಲಿಲ್ಲ, 1936ರಲ್ಲಿ ಸ್ಟುಡ್‌ಬೇಕರ್ ಕಂಪನಿ ಹಿಲ್ ಹೋಲ್ಡರ್ ಅಂತ ತಂದ್ರು, ಈಗಿನ ಕಾರುಗಳ ಹಿಲ್ ಅಸಿಸ್ಟ್ ಕೂಡ ಅದೇ ಕೆಲಸಕ್ಕೇ ಇರೋದು.

ಪದ ಎಲ್ಲಿಂದ ಬಂತು ಅನ್ನೋದಕ್ಕೆ ಈಗ ಬರಬಹುದು, ವಸ್ತು ಗೊತ್ತಾದ ಮೇಲೆ ಪದ ಹುಡುಕೋದು ಒಳ್ಳೇದು. ಗಣಿಯ ಅರ್ಥದಲ್ಲಿ ಸ್ಪ್ರಾಗ್ ಅಚ್ಚಾಗಿ ಕಾಣಿಸಿಕೊಳ್ಳೋದು 1840ರ ದಶಕದ ಹೊತ್ತಿಗೆ. ಆಡುಮಾತಲ್ಲಿ ಅದಕ್ಕಿಂತ ಮುಂಚಿಂದಲೇ ಇದ್ದಿರಬೇಕು, ಯಾಕಂದ್ರೆ ಗಣಿ ಕೆಲಸದವರ ಪದಗಳು ಪುಸ್ತಕಕ್ಕೆ ಬರೋದು ಯಾವಾಗ್ಲೂ ತಡವಾಗಿ, ಯಾರೋ ಇನ್‌ಸ್ಪೆಕ್ಟರ್ ಬಂದು ಬರ್ಕೊಂಡಾಗ. ಡಿಕ್ಷನರಿ ಮಾಡಿದವರು ಇದರ ಮೂಲ ಖಚಿತ ಇಲ್ಲ ಅಂತ ಹೇಳಿ, ಸ್ಕ್ಯಾಂಡಿನೇವಿಯನ್ ಭಾಷೆಗಳ ಕಡೆ ಬೆರಳು ತೋರಿಸ್ತಾರೆ. ಸ್ವೀಡನ್ನಿನ ಹಳ್ಳಿ ಮಾತಲ್ಲಿ ಸ್ಪ್ರಾಗ್ ಅನ್ನೋ ತರದ್ದೇ ಒಂದು ಪದ ಇದೆ, ಅರ್ಥ ಕೊಂಬೆ, ರೆಂಬೆ. ಇಂಗ್ಲೆಂಡಿನ ಉತ್ತರ ಭಾಗದ ಮಾತಲ್ಲಿ ಇಂಥ ಪದಗಳು ತುಂಬಾ ಇವೆ, ಹೊಳೆಗೆ ಬೆಕ್, ಬೆಟ್ಟಕ್ಕೆ ಫೆಲ್, ಇವೆಲ್ಲಾ ಸಾವಿರ ವರ್ಷದ ಹಿಂದೆ ವೈಕಿಂಗರು ಬಂದು ನೆಲೆಸಿದಾಗ ಉಳಿದುಹೋದ ಪದಗಳು. ಕೊಂಬೆಯಿಂದ ಕಡಿದ ತುಂಡು, ಆ ತುಂಡಿನಿಂದ ಆಸರೆ, ಆಸರೆಯ ತುಂಡನ್ನೇ ಚಕ್ರಕ್ಕೆ ತುರುಕಿದ್ರೆ ಬ್ರೇಕ್, ಈ ದಾರಿ ನನಗಂತೂ ತೀರಾ ಸಹಜ ಅನ್ಸುತ್ತೆ. ಗಣಿಯ ಒಳಗೆ ಕೈಗೆ ಸಿಗ್ತಿದ್ದಿದ್ದು ಅದೇ ಮರ ತಾನೇ, ಚಾವಣಿ ಕಂಬ ಕಡಿದು ಉಳಿದ ಮೋಟು ತುಂಡೇ ಟಬ್ ನಿಲ್ಲಿಸೋಕೂ ಆಗ್ತಿತ್ತು.

ಹೀಗೇ ಕಾಣೋ ಬೇರೆ ಸ್ಪ್ರಾಗ್‌ಗಳೂ ಇವೆ, ಗೊಂದಲ ಬೇಡ. ಮರಿ ಕಾಡ್ ಮೀನಿಗೂ ಸ್ಪ್ರಾಗ್ ಅಂತಾರೆ. ಶೇಕ್ಸ್‌ಪಿಯರನ ಒಂದು ಹಾಸ್ಯ ನಾಟಕದಲ್ಲಿ ವೇಲ್ಸಿನ ಪಾದ್ರಿಯೊಬ್ಬ ಹುಡುಗನ ನೆನಪಿನ ಶಕ್ತಿ ಹೊಗಳೋಕೆ ಸ್ಪ್ರಾಗ್ ಅಂತಾನೆ, ಅದು ಚುರುಕು ಅನ್ನೋ ಅರ್ಥದ ಸ್ಪ್ರಾಕ್ ಪದವನ್ನ ಅವನು ತನ್ನ ಉಚ್ಚಾರಣೆಯಲ್ಲಿ ಹೇಳಿದ್ದು. ಈ ಎರಡಕ್ಕೂ ಗಣಿಗೂ ಸಂಬಂಧ ಇಲ್ಲ. ಆದ್ರೆ ಇಂಗ್ಲಿಷ್‌ನಲ್ಲಿ ಒಬ್ಬರ ಕೆಲಸಕ್ಕೆ ಅಡ್ಡಗಾಲು ಹಾಕೋದಕ್ಕೆ ಅವರ ಚಕ್ರಕ್ಕೆ ಸ್ಪೋಕ್ ಹಾಕೋದು ಅಂತ ಒಂದು ನುಡಿಗಟ್ಟಿದೆ, ಕೇಳಿದವರಿಗೆ ವಿಚಿತ್ರ ಅನ್ಸುತ್ತೆ, ಚಕ್ರದಲ್ಲಿ ಸ್ಪೋಕ್ ಇರ್ಲೇಬೇಕಲ್ವಾ ಅಂತ. ಅಲ್ಲಿ ಸ್ಪೋಕ್ ಅಂದ್ರೆ ನಾವು ಇಷ್ಟೊತ್ತು ಮಾತಾಡಿದ ತರದ ಅಡ್ಡ ತುಂಡು. ಫ್ರೆಂಚರ ನುಡಿಗಟ್ಟು ಇನ್ನೂ ನೇರ, ಅವರು ಚಕ್ರದೊಳಗೆ ಕೋಲು ಹಾಕೋದು ಅಂತಾನೇ ಹೇಳ್ತಾರೆ.

ಇನ್ನು ಸ್ಪ್ರಾಗ್ ಕ್ಲಚ್, ಅಂದ್ರೆ ಒಂದು ದಿಕ್ಕಿಗೆ ಸಲೀಸಾಗಿ ತಿರುಗೋಕೆ ಬಿಟ್ಟು ಇನ್ನೊಂದು ದಿಕ್ಕಿಗೆ ಹಿಡಿಯೋ ಒಂದು ತರದ ಒನ್‌ವೇ ಕ್ಲಚ್. ಇದೇ ಇವತ್ತಿಗೆ ಈ ಪದ ಉಳಿದಿರೋ ದೊಡ್ಡ ಜಾಗ. ಒಂದರೊಳಗೆ ಒಂದು ಎರಡು ಸ್ಟೀಲ್ ಉಂಗುರ, ನಡುವಿನ ಸಂದಿನ ತುಂಬಾ ಸಾಲಾಗಿ ಚಿಕ್ಕ ಚಿಕ್ಕ ಸ್ಟೀಲ್ ತುಂಡುಗಳು. ಒಂದೊಂದು ತುಂಡಿನ ಆಕಾರ ಇಂಗ್ಲಿಷಿನ ಎಂಟರ ಅಂಕಿ ತರ, ಸ್ವಲ್ಪ ಓರೆ. ಅದರ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅಳತೆ ಸಂದಿಗಿಂತ ಒಂಚೂರು ಜಾಸ್ತಿ, ಆ ಕಡೆಯ ಮೂಲೆಯಿಂದ ಅಳೆದ್ರೆ ಒಂಚೂರು ಕಡಿಮೆ. ಒಂದು ದಿಕ್ಕಿಗೆ ತಿರುಗಿಸಿದ್ರೆ ತುಂಡುಗಳು ಕಡಿಮೆ ಅಳತೆ ಕಡೆಗೆ ವಾಲುತ್ತೆ, ಉಂಗುರಗಳು ಸಲೀಸಾಗಿ ಜಾರುತ್ತೆ. ಉಲ್ಟಾ ತಿರುಗಿಸಿದ್ರೆ ಎಲ್ಲಾ ತುಂಡುಗಳೂ ಜಾಸ್ತಿ ಅಳತೆಯ ಕಡೆಗೆ ಎದ್ದು ನಿಲ್ಲೋಕೆ ನೋಡುತ್ತೆ, ಜಾಗ ಸಾಲ್ದೇ ಎರಡೂ ಉಂಗುರಕ್ಕೆ ಸಿಕ್ಕಿ ಲಾಕ್. ಇನ್ನೂ ಜೋರಾಗಿ ತಿರುಗಿಸಿದಷ್ಟೂ ಇನ್ನೂ ಬಿಗಿ. ಗಣಿಯ ಸಂದಿನಲ್ಲಿ ಕಲ್ಲಿದ್ದಲಿನ ಭಾರಕ್ಕೆ ಬಿಗಿಯಾಗ್ತಿದ್ದ ಮೋಟು ಮರದ ತತ್ವಾನೇ ಇಲ್ಲೂ ಇರೋದು.

ಜನರಿಗೆ ಇಲ್ಲಿ ಒಂದು ಅನುಮಾನ ಬರುತ್ತೆ, ಇದು ಎಣ್ಣೆಯೊಳಗೆ ಮುಳುಗಿರುತ್ತಲ್ಲ, ಜಾರಲ್ವಾ ಅಂತ. ಉತ್ತರ ಓರೆಯ ಕೋನದಲ್ಲಿದೆ. ಎಣ್ಣೆ ಇರೋ ಸ್ಟೀಲ್ ಮೇಲೆ ಸ್ಟೀಲಿನ ಘರ್ಷಣೆ 0.1, ಅಂದ್ರೆ ಒತ್ತೋ ಬಲದ ಹತ್ತರಲ್ಲಿ ಒಂದು ಭಾಗ, ಅಂತ ಹಿಡಿದ್ರೆ, ತುಂಡು ಒತ್ತೋ ದಿಕ್ಕು ನೇರಕ್ಕಿಂತ 5.7 ಡಿಗ್ರಿಗಿಂತ ಕಡಿಮೆ ವಾಲಿದ್ರೆ ಅದು ಜಾರೋಕೆ ಸಾಧ್ಯನೇ ಇಲ್ಲ, ಎಷ್ಟು ಬಲ ಹಾಕಿದ್ರೂ. ಅದಕ್ಕೇ ಡಿಸೈನ್ ಮಾಡೋರು ಕೋನವನ್ನ ಅದಕ್ಕಿಂತ ಸಾಕಷ್ಟು ಕಡಿಮೆ ಇಡ್ತಾರೆ. ತುಂಡಿನ ಮೂಲೆ ಸವೆದ್ರೆ ಕೋನ ಬದಲಾಗುತ್ತೆ, ಆಗ ಹಿಡಿತ ಹೋಗುತ್ತೆ. ಬೈಕಲ್ಲಿ ಸೆಲ್ಫ್ ಒತ್ತಿದ್ರೆ ಮೋಟರ್ ಗರ್ ಅಂತ ಸುತ್ತುತ್ತೆ ಆದ್ರೆ ಇಂಜಿನ್ ತಿರುಗಲ್ಲ ಅಂದಾಗ ಮೆಕ್ಯಾನಿಕ್ ಒನ್‌ವೇ ಕ್ಲಚ್ ಹೋಗಿದೆ ಅಂತಾರಲ್ಲ, ಎಷ್ಟೋ ಸಲ ಆಗಿರೋದು ಇದೇ. ಕೆಲವು ಬೈಕಲ್ಲಿ ಅಲ್ಲಿ ರೋಲರ್ ಇರುತ್ತೆ, ಕೆಲವಲ್ಲಿ ಸ್ಪ್ರಾಗ್. ಹೆಲಿಕಾಪ್ಟರ್‌ನಲ್ಲಂತೂ ಇದು ಜೀವದ ಪ್ರಶ್ನೆ: ಇಂಜಿನ್ ನಿಂತುಹೋದ್ರೂ ಮೇಲಿನ ರೆಕ್ಕೆ ಸುತ್ತುತ್ತಾ ಇರ್ಬೇಕು, ಆಗ್ಲೇ ಪೈಲಟ್ ನಿಧಾನಕ್ಕೆ ಇಳಿಸೋಕೆ ಆಗೋದು. ನಿಂತ ಇಂಜಿನ್ ರೆಕ್ಕೆಯನ್ನ ಹಿಡಿದು ನಿಲ್ಲಿಸದ ಹಾಗೆ ಬಿಡಿಸೋದು ಈ ಒನ್‌ವೇ ಕ್ಲಚ್, ರಾಬಿನ್ಸನ್ ಆರ್22, ಬೆಲ್ 206 ತರದ ಹೆಲಿಕಾಪ್ಟರ್‌ಗಳಲ್ಲಿ ಅದು ಸ್ಪ್ರಾಗ್ ಕ್ಲಚ್ಚೇ. ಕಲ್ಲಿದ್ದಲನ್ನ ಮೇಲಕ್ಕೆ ಒಯ್ಯೋ ಓರೆ ಕನ್ವೇಯರ್ ಬೆಲ್ಟ್‌ಗಳಲ್ಲೂ ಕರೆಂಟ್ ಹೋದಾಗ ತುಂಬಿದ ಬೆಲ್ಟ್ ಹಿಂದಕ್ಕೆ ಓಡಬಾರ್ದು ಅಂತ ಬ್ಯಾಕ್‌ಸ್ಟಾಪ್ ಇಡ್ತಾರೆ, ಅದರೊಳಗೂ ಬಹಳ ಕಡೆ ಇರೋದು ಇದೇ ತುಂಡುಗಳು.

ನಮ್ಮ ದೇಶದ ಗಣಿಗಳಿಗೂ ಈ ಪದ ಬ್ರಿಟಿಷರ ಜೊತೆಗೇ ಬಂದು ಕಾನೂನಲ್ಲಿ ಉಳ್ಕೊಂಡಿದೆ. 1957ರ ಕಲ್ಲಿದ್ದಲು ಗಣಿ ನಿಯಮಗಳಲ್ಲೂ, ಹಟ್ಟಿ ಚಿನ್ನದ ಗಣಿಯಂಥ ಲೋಹದ ಗಣಿಗಳಿಗೆ ಅನ್ವಯಿಸೋ 1961ರ ನಿಯಮಗಳಲ್ಲೂ ಸ್ಪ್ರಾಗ್ ಅಂತಾನೇ ಬರೆದಿದ್ದಾರೆ, ಟಬ್ ತುಂಬೋ, ಜೋಡಿಸೋ, ಹಗ್ಗಕ್ಕೆ ಸಿಕ್ಕಿಸೋ ಜಾಗದಲ್ಲಿ ಅದು ಸಾಕಷ್ಟು ಇಟ್ಟಿರಬೇಕು ಅಂತ. ಕಲ್ಲಿದ್ದಲಿಗೆ 2017ರಲ್ಲಿ ಹೊಸ ನಿಯಮ ಬಂತು, ಟಬ್‌ಗಳ ಜಾಗಕ್ಕೂ ಹೆಚ್ಚಿನ ಕಡೆ ಬೆಲ್ಟ್ ಬಂದಿದೆ. ಟಬ್ ಇನ್ನೂ ಓಡೋ ಕಡೆ ಈಗ ಸ್ಪ್ರಾಗ್‌ನ ಮುಖ್ಯ ಕೆಲಸ ನಿಂತಿರೋ ಟಬ್ ಹೊರಡದ ಹಾಗೆ ನೋಡ್ಕೊಳ್ಳೋದು. ಓಡ್ತಿರೋದನ್ನ ಹಿಡಿಯೋಕೆ ಹಳಿ ಮೇಲೇ ಸ್ಟಾಪ್ ಬ್ಲಾಕ್, ಟಬ್ಬನ್ನ ದಾರಿ ತಪ್ಪಿಸೋ ಕವಲು ಹಳಿ (ಸ್ವಿಚ್) ಇವೆ, ಅದಕ್ಕೆ ಯಾರೂ ಪಕ್ಕದಲ್ಲಿ ಓಡ್ತಾ ಕೈ ಹಾಕ್ಬೇಕಾಗಿಲ್ಲ.